ಎಡಗಿವಿಯ ಕಡತ

ಒಂದು ಸಂಜೆ ಮನೆಯ ಕಂಪ್ಯೂಟರಿನಲ್ಲಿ ಹರಿಕಥೆ ಕೇಳುತ್ತಿದ್ದಾಗ ಮೃದಂಗದವರು ಎದ್ದು ಪಕ್ಕದ ಮನೆಗೆ ಹೋಗಿಬಿಟ್ಟರು. ದಾಸರು ಇದ್ದಲ್ಲೇ ಇದ್ದರು. ಹೆಡ್‌ಫೋನಿನ ಬಲಗಡೆಯಲ್ಲಿ ಅವರ ಕಂಠ, ಚಿಟಿಕೆ, ನಡುನಡುವೆ ಅವರು ಗಂಟಲು ಸರಿಮಾಡಿಕೊಳ್ಳುವುದು ಸಹ ಸ್ವಚ್ಛವಾಗಿ ಕೇಳುತ್ತಿತ್ತು. ಆದರೆ ದಿನವೂ ನನ್ನ ಎಡಗಿವಿಯ ಮಗ್ಗುಲಲ್ಲೇ ಕೂತು ನುಡಿಸುತ್ತಿದ್ದ ಮೃದಂಗ ಮಾತ್ರ, ಗೋಡೆಯಾಚೆ ಯಾರೋ ಗೋಣಿಚೀಲ ಕೊಡವಿದ ಹಾಗೆ ಸಣ್ಣಗೆ ಬರುತ್ತಿತ್ತು. ಸದ್ದು ಹೆಚ್ಚಿಸಿದೆ. ದಾಸರು ಕಿರುಚಿದರು. ಮೃದಂಗದವರು ಕಾಂಪೌಂಡು ದಾಟಿ ಈಚೆಗೆ ಬರಲಿಲ್ಲ.

ತುರುವೇಕೆರೆಯ ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತಗಿರಿ ಮಾಡಿ ನಿವೃತ್ತನಾಗಿ, ಈಗ ಹೊನ್ನವಳ್ಳಿ ಪಕ್ಕದ ನಮ್ಮೂರಿನಲ್ಲಿ ತೋಟ ನೋಡಿಕೊಂಡಿರುವವನಿಗೆ ಹೆಡ್‌ಫೋನಿನ ಒಂದು ಮಗ್ಗುಲು ಮೆತ್ತಗಾದರೆ ಏನು ಮುಳುಗಿಹೋಗುತ್ತದೆ ಎಂದು ಓದುಗರು ಕೇಳಬಹುದು. ಕೇಳುವ ಮೊದಲು ಕೊಬ್ಬರಿಯ ವಿಷಯ ಸ್ವಲ್ಪ ತಿಳಿದುಕೊಳ್ಳಬೇಕು.

ನಮ್ಮ ಸೀಮೆಯಲ್ಲಿ ಕೊಬ್ಬರಿ ಮಾಡುವುದೆಂದರೆ ಬಹುಪಾಲು ಏನೂ ಮಾಡದೆ ಇರುವುದು. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ, ಹೆಚ್ಚುಕಮ್ಮಿ ವರ್ಷ ತುಂಬುವವರೆಗೆ ಅದರ ಗೊಡವೆಗೆ ಹೋಗಬಾರದು. ಒಳಗೆ ನೀರು ತಾನಾಗಿ ಇಂಗುತ್ತದೆ. ತಿರುಳು ತಾನಾಗಿ ಒಣಗುತ್ತದೆ, ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಿ ಒಳಗೇ ಉರುಳಾಡುತ್ತದೆ. ಸರ್ಕಾರಿ ಕೆಲಸಕ್ಕೆ ಇಷ್ಟು ಹತ್ತಿರವಾದ ಬೇಸಾಯ ಇನ್ನೊಂದು ಇಲ್ಲ. ಕಷ್ಟವೆಲ್ಲ ಕೊನೆಯಲ್ಲಿ, ಅಟ್ಟದಿಂದ ಕಾಯಿ ಇಳಿಸುವ ದಿನ. ಯಾವುದು ಆಗಿದೆ, ಯಾವುದು ಆಗಿಲ್ಲ ಎಂದು ಒಡೆಯದೆಯೇ ಹೇಳಬೇಕು. ಅದಕ್ಕೆ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಗಡಗಡ ಎಂದರೆ ಆಗಿದೆ. ಬಳಕ್ ಎಂದರೆ ನೀರಿದೆ. ಏನೂ ಅನ್ನದಿದ್ದರೆ ತಿರುಳು ಇನ್ನೂ ಅಂಟಿಕೊಂಡಿದೆ. ತೊಂದರೆ ಕೊಡುವುದು ನಾಲ್ಕನೆಯ ಜಾತಿ. ಅದೂ ಗಡಗಡ ಅನ್ನುತ್ತದೆ, ಆದರೆ ಆ ಗಡಗಡದ ತುದಿಯಲ್ಲಿ ಒಂದು ಸಣ್ಣ ತಡೆ. ಎಲ್ಲೋ ಒಂದು ಕಡೆ ಎಳೆಯಷ್ಟು ಹಿಡಿದುಕೊಂಡಿರುತ್ತದೆ. ಅಂಥದನ್ನು ಒಡೆದರೆ ಉಂಡೆ ಬರುವುದಿಲ್ಲ, ಚೂರು ಬರುತ್ತದೆ.

ಆ ತಡೆಯನ್ನು ಹಿಡಿಯುವ ಕಿವಿ ಊರಿನಲ್ಲಿ ನನ್ನದು ಎಂದು ಪ್ರತೀತಿ. ಪ್ರತೀತಿಯನ್ನು ಹಬ್ಬಿಸಿದವನು ಬಹುಮಟ್ಟಿಗೆ ನಾನೇ, ಆದರೂ ಇಷ್ಟು ವರ್ಷದಲ್ಲಿ ಯಾರೂ ಆಕ್ಷೇಪಣೆ ಸಲ್ಲಿಸಿಲ್ಲ. ಅದರಲ್ಲೂ ಎಡಗಿವಿ. ಕಚೇರಿಯಲ್ಲಿ ಬಲಗೈಗೆ ಪೆನ್ನು, ಎಡಗೈಗೆ ಫೋನು ಎಂದು ಕೆಲಸ ಹಂಚಿಕೆಯಾಗಿದ್ದರಿಂದ ಕೇಳುವುದೆಲ್ಲ ಎಡಗಿವಿಯ ಪಾಲಿಗೆ ಬಂದು, ಅದು ಪಳಗಿತ್ತು. ಮನೆಯ ಅಟ್ಟದಲ್ಲಿ ನಮ್ಮ ಪದ್ಧತಿ ಹೀಗೆ: ನನ್ನ ಹೆಂಡತಿ ಮೊದಲು ಅಲ್ಲಾಡಿಸಿ ನೋಡುತ್ತಾಳೆ, ಅವಳಿಗೆ ಅನುಮಾನ ಬಂದ ಕಾಯಿ ನನ್ನ ಕಡೆ ಉರುಳಿ ಬರುತ್ತದೆ. ಅವಳದು ಕೆಳಗಿನ ಕೋರ್ಟು, ನನ್ನದು ಮೇಲ್ಮನವಿ. ಮದುವೆಯಾದ ವರ್ಷದಿಂದ ಹೀಗೇ ನಡೆದುಬಂದಿದೆ. ಹೋದ ವರ್ಷ ಮಾತ್ರ ಅವಳು ಕಿಟಕಿಯ ಧೂಳು ಕಣ್ಣಿಗೆ ಬೀಳುತ್ತೆ ಎಂದು ನನ್ನ ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಹೋಗಿ ಕೂತಳು. ಅಷ್ಟು ಬಿಟ್ಟರೆ ಬೇರೆ ಬದಲಾವಣೆಯಿಲ್ಲ.

ಈ ಸಲ ಕಾಯಿ ಸುಲಿದು ಒಡೆಯುವವರು ಮುಂದಿನ ಸೋಮವಾರ ಬರುವವರಿದ್ದರು. ಮೃದಂಗದವರು ಎದ್ದು ಹೋದದ್ದು ಅದಕ್ಕೆ ಹಿಂದಿನ ವಾರದ ಭಾನುವಾರ. ನನಗೆ ಎಂಟು ದಿನ ಇತ್ತು. ಕೆಟ್ಟಿರುವುದು ಹೆಡ್‌ಫೋನಾದರೆ ಸಂತೋಷ. ಕಂಪ್ಯೂಟರಾದರೆ ಇನ್ನೂ ಸಂತೋಷ. ಎಡಗಿವಿಯೇ ಆದರೆ ಮೇಲ್ಮನವಿ ನ್ಯಾಯಾಲಯ ಬರಖಾಸ್ತು.

ಮೊದಲು ಸ್ಥಳ ಮಹಜರು ಮಾಡಿದೆ. ಸದರಿ ಕಂಪ್ಯೂಟರು ತಿಪಟೂರಿನಲ್ಲಿ ಟೀಚರಾಗಿರುವ ನನ್ನ ಮಗಳದ್ದು. ಅವಳು ಲ್ಯಾಪ್‌ಟಾಪ್ ತೆಗೆದುಕೊಂಡ ಮೇಲೆ ಇದನ್ನು ವಯಸ್ಸಾದ ಎಮ್ಮೆಯನ್ನು ತವರಿಗೆ ಹೊಡೆದಂತೆ ಗೂಡ್ಸ್ ಆಟೋದಲ್ಲಿ ಕಳಿಸಿಕೊಟ್ಟಿದ್ದಳು. ಡಬ್ಬಕ್ಕೆ ಮುಂದೆ ಒಂದು ತೂತು, ಹಿಂದೆ ಒಂದು ಹಸಿರು ತೂತು. ಹೆಡ್‌ಫೋನಿನ ಪಿನ್ನನ್ನು ಮುಂದಿನದರಿಂದ ಕಿತ್ತು ಹಿಂದಿನದಕ್ಕೆ ಸಿಗಿಸಿದೆ. ಎಡಗಡೆ ಸಣ್ಣಗೇ ಇತ್ತು. ಪಿನ್ನನ್ನು ಪಂಚೆಯ ತುದಿಯಿಂದ ಉಜ್ಜಿದೆ. ಸಣ್ಣಗೇ ಇತ್ತು. ವೈರನ್ನು ಉದ್ದಕ್ಕೂ ಬೆರಳಿನಿಂದ ಒತ್ತಿ, ಮಡಿಸಿ, ಬಿಡಿಸಿ ನೋಡಿದೆ. ಕಂಪ್ಯೂಟರನ್ನು ಆರಿಸಿ, ಅದಕ್ಕೂ ನನಗೂ ಒಂದು ಲೋಟ ಕಾಫಿ ಆಗುವಷ್ಟು ವಿಶ್ರಾಂತಿ ಕೊಟ್ಟು, ಮತ್ತೆ ಹಚ್ಚಿದೆ. ದಾಸರು ಲವಲವಿಕೆಯಿಂದ ಎದ್ದರು. ಮೃದಂಗ ಅಲ್ಲೇ.

ಆಮೇಲೆ ನಮ್ಮ ಕಡೆಯವರು ಯಾರಾದರೂ ಮಾಡುವ ಕೆಲಸವನ್ನೇ ಮಾಡಿದೆ. ಹೆಡ್‌ಫೋನನ್ನು ತಲೆಯಿಂದ ತೆಗೆದು, ಒಂದೊಂದು ಬಟ್ಟಲನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಬಲಗಡೆಯದು ಮೌನ. ಎಡಗಡೆಯದು ಕಟಕಟ ಎಂದಿತು. ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಒಳಗಿನ ಏನೋ ಬಿಟ್ಟುಕೊಂಡಿದೆ, ಚೆನ್ನಾಗಿ ಆಗಿದೆ, ಒಡೆಯಲು ಅಡ್ಡಿಯಿಲ್ಲ ಎಂದು ತೀರ್ಮಾನಿಸಿದೆ. ಸಂದೇಹ ಬಂದದ್ದು ಮಾರನೆಯ ದಿನ. ಆ ಕಟಕಟವನ್ನು ನಾನು ಕೇಳಿದ್ದು ಯಾವ ಕಿವಿಯಿಂದ? ಬಲಗಿವಿಯಿಂದ. ಆಪಾದಿತನನ್ನು ಸಾಕ್ಷಿಗೆ ಕರೆಯಬಾರದೆಂದು ಎಡಗಿವಿಯನ್ನು ಹೊರಗೆ ಇಟ್ಟಿದ್ದೆನೋ, ಅದರ ಮೇಲೆ ಆಗಲೇ ನಂಬಿಕೆ ಹೋಗಿತ್ತೋ ಗೊತ್ತಿಲ್ಲ.

ಮಗಳಿಗೆ ಫೋನ್ ಮಾಡಿದೆ. ಹರಿಕಥೆಯಲ್ಲಿ ಮೃದಂಗ ಕಮ್ಮಿ ಬರುತ್ತಿದೆ ಎಂದಷ್ಟೇ ಹೇಳಿದೆ.

"ಅಯ್ಯೋ ಅಪ್ಪಾ, ಅದಕ್ಕೇನು," ಎಂದಳು. "ಹೆಡ್‌ಫೋನ್ ಹಿಂದುಮುಂದು ಮಾಡಿ ಹಾಕ್ಕೊಂಡು ನೋಡಪ್ಪ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಸಣ್ಣ ಸದ್ದು ಬಲಗಿವಿಗೆ ಬಂದ್ರೆ ಸಾಮಾನು ಕೆಟ್ಟದೆ ಅಂತ. ಆಗ್ಲೂ ಎಡಗಿವೀಲೇ ಸಣ್ಣಗೆ ಇದ್ರೆ ನಿನ್ನ ಕಿವಿ ತೋರ್ಸಬೇಕು ಅಂತ. ಒಂದು ನಿಮಿಷದ ಕೆಲಸ."

ಒಂದು ನಿಮಿಷದ ಕೆಲಸ ಎಂಬುದೇ ಅದರಲ್ಲಿದ್ದ ದೋಷ. ಮೂವತ್ತು ವರ್ಷದ ಸೇವೆಯಲ್ಲಿ ನಾನು ಕಲಿತದ್ದು, ಆದೇಶ ನಮಗೆ ವಿರುದ್ಧವಾಗಬಹುದು ಎಂದಾಗ ಕಡತವನ್ನು ತೆರೆಯದೆ ಇಡುವುದು. ಹೆಡ್‌ಫೋನನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಟವೆಲ್ ಹಾಕಿದೆ. ಮಂಗಳವಾರ ತೋಟದಲ್ಲಿ ನೀರಿನ ಪೈಪು ನೋಡುವುದಿತ್ತು. ಬುಧವಾರವೂ ಅದೇ ಪೈಪನ್ನು ನೋಡಿದೆ.

"ಏನ್ರೀ, ಹರಿಕಥೆ ಬುಟ್ಟುಬುಟ್ರಾ?" ಎಂದು ಹೆಂಡತಿ ಕೇಳಿದಳು.

"ಪೈಪು ಸೋರ್ತದೆ ಕಣೇ."

"ಮೊನ್ನೆಯಿಂದ ನೋಡ್ತಾನೇ ಇದೀರಲ್ಲ, ನೀವು ನೋಡಿದ್ದಕ್ಕೆ ಸೋರ್ತದೋ ಏನೋ."

ಗುರುವಾರ ಹೆಡ್‌ಫೋನನ್ನು ಬ್ಯಾಗಿನಲ್ಲಿ ಹಾಕಿಕೊಂಡು ತಿಪಟೂರಿನ ಬಸ್ಸು ಹತ್ತಿದೆ. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದಲ್ಲಿ ಒಬ್ಬರು ಸಾಹೇಬರ ರಿಪೇರಿ ಅಂಗಡಿ ಇದೆ. ಅವರ ತಂದೆ ರೇಡಿಯೋ ರಿಪೇರಿ ಮಾಡುತ್ತಿದ್ದರು, ಇವರು ಮೊಬೈಲು, ಕಂಪ್ಯೂಟರು ಮಾಡುತ್ತಾರೆ. ನನ್ನ ಮದುವೆಯ ರೇಡಿಯೋಗೆ ಅವರ ತಂದೆ ಎರಡು ಸಲ ಜೀವ ಕೊಟ್ಟಿದ್ದರಿಂದ ಅಂಗಡಿಯಲ್ಲಿ ನನಗೊಂದು ಸ್ಟೂಲು ಖಾಯಂ. ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟು, ಎಡಗಡೆ ಬಟ್ಟಲಿನ ಒಳಗೆ ಏನೋ ಬಿಟ್ಟುಕೊಂಡಿದೆ, ಅಲ್ಲಾಡಿಸಿದರೆ ಕಟಕಟ ಅನ್ನುತ್ತದೆ ಎಂದು ವರದಿ ಮಂಡಿಸಿದೆ.

ಸಾಹೇಬರು ನಗಲು ಶುರುಮಾಡಿದವರು ಕನ್ನಡಕ ತೆಗೆದು ಒರೆಸಿಕೊಳ್ಳುವವರೆಗೆ ನಿಲ್ಲಿಸಲಿಲ್ಲ. "ಅರೆ ಸಾರ್, ನೀವೂನಾ! ಈ ಊರಲ್ಲಿ ಮೊಬೈಲ್ ತಂದ್ರೂ ಅಲ್ಲಾಡ್ಸೇ ತರ್ತಾರೆ, ರಿಮೋಟ್ ತಂದ್ರೂ ಅಲ್ಲಾಡ್ಸೇ ತರ್ತಾರೆ. ಮೊನ್ನೆ ಒಬ್ರು ಟಿ.ವಿ.ನೇ ಇಬ್ರು ಹಿಡ್ಕೊಂಡು ಅಲ್ಲಾಡ್ಸಿ ನೋಡಿದ್ವಿ ಅಂದ್ರು. ಇದ್ರಲ್ಲಿ ಸದ್ದು ಮೇಲೆ ಕೆಳಗೆ ಮಾಡೋ ಸಣ್ಣ ಗುಂಡಿ ಇದೆ ಸಾರ್, ಎಡಗಡೆ. ಅದು ಅಲ್ಲಾಡ್ಸಿದ್ರೆ ಹೊಸದ್ರಲ್ಲೂ ಕಟಕಟ ಅಂತದೆ. ಕೊಬ್ಬರಿ ಅಲ್ಲ ಇದು."

ತಮ್ಮ ಕಂಪ್ಯೂಟರಿಗೆ ಪಿನ್ನು ಸಿಗಿಸಿ, ಯಾವುದೋ ಶಹನಾಯಿ ಹಾಕಿ, ತಾವೊಮ್ಮೆ ಕೇಳಿ ತಲೆಯಾಡಿಸಿದರು. "ಎರಡೂ ಕಡೆ ಬರಾಬರ್ ಇದೆ. ನೀವು ಕೇಳಿ."

ಕೊಟ್ಟ ಹೆಡ್‌ಫೋನನ್ನು ಕೈಯಲ್ಲಿ ಹಿಡಿದುಕೊಂಡು ನಾನು ಸ್ವಲ್ಪ ಹೊತ್ತು ಅವರ ಗೋಡೆಯ ಮೇಲಿನ ಕ್ಯಾಲೆಂಡರನ್ನು ಓದಿದೆ. ಸಾಮಾನು ಸರಿಯಿದೆ ಎಂದಾಯಿತು. ಈಗ ಇದನ್ನು ಹಾಕಿಕೊಂಡಾಗ ಎಡಗಡೆ ಸಣ್ಣಗಿದ್ದರೆ ಇನ್ನು ಮುಂದೆ ಹೋಗುವ ಕಚೇರಿಯಿಲ್ಲ.

"ಹಾಕ್ಕೊಳ್ಳಿ ಸಾರ್, ಕಚ್ಚಲ್ಲ."

ಹಾಕಿಕೊಂಡೆ. ಶಹನಾಯಿ ಹಣೆಯ ನಟ್ಟನಡುವೆ ನಿಂತು ಊದುತ್ತಿತ್ತು. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ಗಂಧದ ಬೊಟ್ಟಿಟ್ಟ ಹಾಗೆ. ಅನುಮಾನವಿರಬಾರದೆಂದು ಮಗಳು ಹೇಳಿದ ಹಾಗೆ ಹಿಂದುಮುಂದು ಮಾಡಿಯೂ ಹಾಕಿಕೊಂಡೆ. ಅಲ್ಲೇ ಇತ್ತು. ಎಡಗಿವಿ ಗೌರವಯುತವಾಗಿ ಖುಲಾಸೆಯಾಯಿತು. ಆ ಶಹನಾಯಿಯನ್ನು ಪೂರ್ತಿ ಕೇಳಿ ಮುಗಿಸಿದೆ. ಸಾಹೇಬರು ನಡುವೆ ಬಂದ ಇಬ್ಬರು ಗಿರಾಕಿಗಳನ್ನು ಕಳಿಸಿ, ನನಗೆ ಟೀ ತರಿಸಿದರು.

"ಹಾಗಾದ್ರೆ ನಿಮ್ಮ ಕಂಪ್ಯೂಟರಲ್ಲೇ ಇದೆ," ಎಂದರು. "ಸೌಂಡ್ ಸೆಟ್ಟಿಂಗ್ ಒಳಗೆ ಹೋದ್ರೆ ಎಡ ಒಂದು, ಬಲ ಒಂದು ಅಂತ ಎರಡು ಗೆರೆ ಇರ್ತವೆ. ಒಂದು ಕೆಳಗಿಳಿದಿರಬೇಕು. ಎರಡೂ ನೂರಕ್ಕೆ ಎಳೀರಿ." ಎಲ್ಲಿ ಒತ್ತಬೇಕು, ಯಾವುದಾದ ಮೇಲೆ ಯಾವುದು ಎಂದು ಬಸ್ ಟಿಕೆಟ್ಟಿನ ಹಿಂದೆ ಬರೆಸಿಕೊಂಡೆ.

ಮನೆಗೆ ಬಂದು, ಟಿಕೆಟ್ಟನ್ನು ಪರದೆಗೆ ಒರಗಿಸಿಟ್ಟುಕೊಂಡು, ಒಂದೊಂದೇ ಬಾಗಿಲು ತೆರೆದು ಒಳಗೆ ಹೋದೆ. ಅವರು ಹೇಳಿದ ಎರಡು ಗೆರೆಗಳು ಅಲ್ಲಿದ್ದವು. ಬಲ ನೂರು. ಎಡ ಮೂವತ್ತೆಂಟು. ಎಡದ್ದನ್ನು ನೂರಕ್ಕೆ ಎಳೆದೆ. ಮೃದಂಗದವರು ಕಾಂಪೌಂಡು ಹಾರಿ, ಚಪ್ಪಲಿ ಬಿಟ್ಟು, ನನ್ನ ಮಗ್ಗುಲಿಗೇ ಬಂದು ಕೂತರು. ಆ ಸಂಜೆ ಹರಿಕಥೆಯನ್ನು ಎರಡು ಸಲ ಕೇಳಿದೆ. ಕಡತ ಮುಕ್ತಾಯ ಎಂದು ಮನಸ್ಸಿನಲ್ಲೇ ಷರಾ ಬರೆದು ಮಲಗಿದೆ.

ಶುಕ್ರವಾರ ಸಂಜೆ ಕೂತರೆ ಎಡ ಮತ್ತೆ ಮೂವತ್ತೆಂಟು. ಎಳೆದೆ. ಶನಿವಾರ ನೋಡಿದರೆ ನಲವತ್ತು. ಇದು ನನ್ನನ್ನು ಚಿಂತೆಗೆ ಹಚ್ಚಿತು. ಕೆಟ್ಟುಹೋದ ಯಂತ್ರ ಒಂದೇ ರೀತಿ ಕೆಡುತ್ತದೆ. ಎರಡು ಹೆಚ್ಚಿಗೆ ಕೊಡುವುದು ಮನುಷ್ಯರ ಲಕ್ಷಣ. ಸಾಹೇಬರಿಗೆ ಫೋನ್ ಮಾಡಿದೆ.

"ಸಾರ್, ಕಂಪ್ಯೂಟರು ತಾನಾಗೇ ಮೂವತ್ತೆಂಟು ನಲವತ್ತು ಅಂತ ಚೌಕಾಸಿ ಮಾಡಲ್ಲ," ಎಂದರು. "ಮನೇಲಿ ಇನ್ಯಾರು ಮುಟ್ತಾರೆ?"

"ಮನೇಲಿ ಇರೋದೇ ಇಬ್ರು."

"ಒಬ್ರು ನೀವು," ಎಂದು ಹೇಳಿ ಸಾಹೇಬರು ಸಭ್ಯವಾಗಿ ಫೋನಿಟ್ಟರು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ತೋಟಕ್ಕೆ ಹೋಗುತ್ತೇನೆಂದು ಹೊರಟು, ಬೋರ್‌ವೆಲ್ಲಿನ ತನಕ ಹೋಗಿ ವಾಪಸ್ಸು ಬಂದೆ. ಗೂಢಚಾರಿಕೆ ಅನ್ನಿ, ಬೇಸರವಿಲ್ಲ. ಕಂಪ್ಯೂಟರಿನ ಮುಂದೆ ನನ್ನ ಹೆಂಡತಿ ಹೆಡ್‌ಫೋನು ಹಾಕಿಕೊಂಡು ಕೂತಿದ್ದಳು. ಪರದೆಯ ಮೇಲೆ ಒಬ್ಬ ಅತ್ತೆ ಒಬ್ಬ ಸೊಸೆಯನ್ನು ದುರುಗುಟ್ಟಿ ನೋಡುತ್ತಿದ್ದಳು. ಇವಳು ಸೀರಿಯಲ್ ನೋಡುವುದನ್ನು ಬಿಟ್ಟು ಎರಡು ವರ್ಷವಾಯಿತೆಂದು ನಮ್ಮ ಮನೆಯಲ್ಲಿ ದಾಖಲಾಗಿತ್ತು. ನಾನು ಎದುರಿಗೆ ಹೋಗಿ ನಿಂತೆ.

ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡು ಅವಳು, "ಇದೊಂದೇ ಕಣ್ರೀ ನೋಡೋದು," ಎಂದಳು.

"ಸೀರಿಯಲ್ ಮನೆ ಹಾಳಾಗ್ಲಿ. ಆ ಎಡಗಡೆ ಗೆರೇನ ಇಳಿಸ್ತಾ ಇರೋದು ನೀನೇನಾ?"

ಅವಳು ಪರದೆಯ ಕಡೆ ತಿರುಗಿದಳು. ಅತ್ತೆ ಇನ್ನೂ ದುರುಗುಟ್ಟುತ್ತಲೇ ಇದ್ದಳು. "ಮಗಳು ಹೋದ ವಾರ ಫೋನಲ್ಲಿ ಹೇಳಿಕೊಟ್ಟಳು. ನಿಮಗೆ ಹೇಳಬೇಡ ಅಂದಿದ್ದೆ," ಎಂದಳು. ಎಡಗಡೆ ಎಂದು ನಾನು ಹೇಳದೆಯೇ ಮಗಳಿಗೆ ಗೊತ್ತಾದದ್ದು ಹೇಗೆಂದು ಆಗ ಹೊಳೆಯಿತು. ಆಮೇಲೆ, "ನನ್ನ ಬಲಗಿವಿ ಸ್ವಲ್ಪ ಹಿಂದೆ ಬಿದ್ದದೆ ಕಣ್ರೀ. ಎರಡೂ ನೂರು ಇದ್ರೆ ಎಲ್ಲಾ ಎಡಗಡೆಗೇ ಬಂದು ಗುಂಯ್ ಅಂತದೆ. ಎಡಗಡೆ ಇಳಿಸಿದ್ರೆ ನಡುಮಧ್ಯಕ್ಕೆ ಬತ್ತದೆ."

"ಯಾವಾಗಿಂದ?"

"ಹೋದ ವರ್ಷ ಅಟ್ಟದ ಕಾಯಿ ಇಳಿಸಿದಾಗ ಗೊತ್ತಾಯ್ತು. ಬಲಗಿವಿ ಹತ್ರ ಅಲ್ಲಾಡಿಸ್ತೀನಿ, ಎಲ್ಲಾ ಕಾಯೂ ಅಂಟಿಕೊಂಡಿರೋ ಥರಾನೇ. ಎಡಗಿವಿಗೆ ಹಿಡಿದ್ರೆ ಗಡಗಡ ಅಂತದೆ."

"ಹಾಗಾದ್ರೆ ಆ ಕಿಟಕಿ ಧೂಳು?"

"ಯಾವ ಧೂಳೂ ಇರಲಿಲ್ಲ. ನೀವು ನನ್ನ ಬಲಗಡೆ ಕೂತು ಗೊಣಗೋದು ಕೇಳ್ತಿರಲಿಲ್ಲ. ಅದಕ್ಕೇ ಆಚೆ ಮಗ್ಗುಲಿಗೆ ಬಂದೆ."

"ಕೇಳದಿದ್ರೆ ಒಳ್ಳೇದೇ ಆಯ್ತಲ್ಲ?"

"ಕೇಳದೆ ಹೋದ್ರೆ ತಿರುಗಿಸಿ ಹೇಳೋದು ಹೆಂಗೆ?"

ಒಂದು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿದಳು.

"ಹೇಳಿದ್ರೆ ಅಟ್ಟಕ್ಕೆ ಬರಬೇಡ ಅಂತಿದ್ರಿ. ಕೆಳಗೆ ಕೂತು ಎಲ್ರಿಗೂ ಕಾಫಿ ಕಾಸ್ಕೊಂಡಿರು ಅಂತಿದ್ರಿ."

ನಾನು ಹಾಗೆ ಹೇಳುತ್ತಿರಲಿಲ್ಲ ಎಂದು ಬರೆಯಲು ಆಸೆ. ಆದರೆ ಇದು ನೆನಪಿನ ಬರಹ, ಅಫಿಡವಿಟ್ಟಿಗೆ ಸಮಾನ. ಹೇಳುತ್ತಿದ್ದೆ. ಒಳ್ಳೆಯ ಮಾತಿನಲ್ಲೇ, ಅವಳ ಆರೋಗ್ಯದ ದೃಷ್ಟಿಯಿಂದಲೇ ಹೇಳುತ್ತಿದ್ದೆ. ಹಿಂದಿನ ಭಾನುವಾರದಿಂದ ಗುರುವಾರದ ತನಕ ನಾನು ನನ್ನ ಕಿವಿಯನ್ನು ಟವೆಲ್ಲಿನ ಕೆಳಗೆ ಮುಚ್ಚಿಟ್ಟು, ಸೋರದ ಪೈಪನ್ನು ಕಾಯುತ್ತಿದ್ದೆ. ಅದನ್ನೂ ಅವಳಿಗೆ ಹೇಳಿದೆ. ಕೆಲವು ತಪ್ಪೊಪ್ಪಿಗೆಗಳಿಗೆ ಪ್ರತಿಯಾಗಿ ಒಂದನ್ನು ಕೊಡದಿದ್ದರೆ ಮನೆಯಲ್ಲಿ ಇರುವುದು ಕಷ್ಟ.

ಅವಳು ನಕ್ಕಳು. ಸಾಹೇಬರಷ್ಟು ಹೊತ್ತಲ್ಲ, ಆದರೆ ಅವರಿಗಿಂತ ಜೋರಾಗಿ. "ನಿಮ್ಮ ಕಿವಿಗೆ ಏನಾಗದೆ? ಅಡುಗೆಮನೇಲಿ ನಾನು ಬಾಯೊಳಗೇ ಬೈಕೊಂಡಿದ್ದು ಜಗಲೀಲಿ ಕೂತೋರಿಗೆ ಕೇಳ್ತದಲ್ಲ. ನನ್ನನ್ನ ಕೇಳಿದ್ರೆ ತಿಪಟೂರಿಗೆ ಬಸ್ ಹತ್ತೋದೇ ತಪ್ತಿತ್ತು."

"ನಿನ್ನ ಕೇಳೋಕೆ ಆಗ್ಲಿಲ್ಲ ಕಣೇ."

"ನಂಗೂ ಆಗ್ಲಿಲ್ಲವಲ್ಲ," ಎಂದು ಅವಳು ಹೆಡ್‌ಫೋನು ಏರಿಸಿಕೊಂಡಳು. ಸೊಸೆ ಅಳುವುದು ಬಾಕಿಯಿತ್ತು.

ಸೋಮವಾರ ಬೆಳಿಗ್ಗೆ ಒಡೆಯುವವರು ನಾಲ್ಕು ಜನ ಬಂದು ಅಂಗಳದಲ್ಲಿ ಕೂತರು. ಅಟ್ಟದಲ್ಲಿ ನಾವಿಬ್ಬರು. ಈ ಸಲ ಧೂಳಿನ ಪ್ರಸ್ತಾಪವಿಲ್ಲದೆ ಅವಳ ಎಡಗಡೆಗೆ ನಾನು ಕೂತೆ. ಅವಳು ಬಹಿರಂಗವಾಗಿ ಎಡಗೈಯಲ್ಲಿ ಕಾಯಿ ಹಿಡಿದು, ಎಡಗಿವಿಯ ಹತ್ತಿರ ಅಲ್ಲಾಡಿಸಿ, ಒಂದೊಂದಾಗಿ ಬೇರೆ ಮಾಡಿದಳು. ಹೋದ ವರ್ಷ ಕದ್ದು ಮಾಡಿದ್ದ ಕೆಲಸವನ್ನು ಬೆಳಕಿನಲ್ಲಿ ಮಾಡುವಾಗ ಮನುಷ್ಯರಿಗೆ ಒಂದು ಠೀವಿ ಬರುತ್ತದೆ. ಅನುಮಾನದ ಕಾಯಿಗಳು ನನ್ನ ಕಡೆ ಉರುಳಿ ಬಂದವು. ಖುಲಾಸೆಯಾದ ಎಡಗಿವಿ ಉತ್ಸಾಹದಲ್ಲಿತ್ತು. ಆಗಿದೆ, ಆಗಿಲ್ಲ, ಆಗಿದೆ, ಆಗಿದೆ ಎಂದು ಆದೇಶ ಹೊರಡಿಸುತ್ತಿದ್ದೆ.

ಹತ್ತು ಗಂಟೆಯ ಸುಮಾರಿಗೆ ನಾನು ಆಗಿದೆ ಎಂದು ಕೆಳಗೆ ಬಿಡುತ್ತಿದ್ದ ಒಂದು ಕಾಯಿಯನ್ನು ಅವಳು ಅರ್ಧದಲ್ಲಿ ತಡೆದಳು. "ತಾಳ್ರಿ." ಕಿವಿಗೆ ಹಿಡಿದು ಅಲ್ಲಾಡಿಸಿದಳು. "ಹಿಡಿದದೆ ಇದು."

"ಇಲ್ಲ ಕಣೇ. ಗಡಗಡ ಅಂತು."

"ಅಂತು. ತುದೀಲಿ ಹಿಡೀತು."

ನಾನು ಮತ್ತೆ ಅಲ್ಲಾಡಿಸಿದೆ. ಗಡಗಡ. ತುದಿಯಲ್ಲಿ ಏನೂ ಇರಲಿಲ್ಲ, ನನ್ನ ಮಟ್ಟಿಗೆ. ಕೆಳಗಿನ ಕೋರ್ಟು ಮೇಲಿನ ಕೋರ್ಟಿನ ತೀರ್ಪನ್ನು ತಳ್ಳಿಹಾಕಿದ್ದು ನಮ್ಮ ಅಟ್ಟದ ಇತಿಹಾಸದಲ್ಲೇ ಮೊದಲು. ಕಾಯಿಯನ್ನು ಕೆಳಗೆ ಬಿಟ್ಟು, ಒಡೆಯುವವರಲ್ಲಿ ಹಿರಿಯನಿಗೆ, "ಇದನ್ನ ಈಗ್ಲೇ ಒಡಿಯಪ್ಪ, ಒಂದು ತಕರಾರದೆ," ಎಂದು ಕೂಗಿ ಹೇಳಿದೆ.

ಅವನು ಮಟ್ಟೆ ಸುಲಿದು, ಚಿಪ್ಪಿಗೆ ಸುತ್ತ ಹುಷಾರಾಗಿ ಏಟು ಹಾಕಿ ಬಿಡಿಸಿದ. ಚಿಪ್ಪಿನ ಒಂದು ಹೋಳು ಬಿಟ್ಟುಕೊಂಡಿತು. ಇನ್ನೊಂದು ಹೋಳು ಬರುವಾಗ ಉಂಡೆಯಿಂದ ಎಂಟಾಣೆ ಅಗಲದ ಚೂರನ್ನು ಹಿಡಿದುಕೊಂಡೇ ಬಂತು. ಅವನು ಎರಡನ್ನೂ ಮೇಲಕ್ಕೆ ಎತ್ತಿ ತೋರಿಸಿ, "ಹಿಡಿದಿತ್ತು ಕಣ್ರಪ್ಪ. ಯಾರು ಗೆದ್ರಿ, ಯಜಮಾನ್ರಾ, ಅಕ್ಕನಾ?" ಎಂದ.

"ಕೆಲಸ ನೋಡಲಾ," ಎಂದೆ.

"ಹಂಗಾದ್ರೆ ಅಕ್ಕ," ಎಂದು ಅವನು ಪಕ್ಕದವನಿಗೆ ಹೇಳಿದ್ದು ನನ್ನ ಎರಡೂ ಕಿವಿಗೆ ಸಮನಾಗಿ ಕೇಳಿಸಿತು.

ಅಂದಿನಿಂದ ಪದ್ಧತಿ ತಿರುಗಿದೆ. ಉಳಿದ ಕಾಯಿಗಳನ್ನೆಲ್ಲ ನಾನು ಮೊದಲು ಅಲ್ಲಾಡಿಸಿ, ಅನುಮಾನ ಬಂದದ್ದನ್ನು ಅವಳ ಕಡೆ ಉರುಳಿಸಿದೆ. ಒಂದೇ ಕಿವಿಯ ಪೀಠ, ಆದರೆ ತೀರ್ಪು ಖಚಿತ. ಮಗಳು ಅವಳನ್ನು ತಿಪಟೂರಿನಲ್ಲಿ ಕಿವಿಯ ಡಾಕ್ಟರಿಗೆ ತೋರಿಸಿದಳು. ವಯಸ್ಸಿನದು, ಇನ್ನಷ್ಟು ಕಮ್ಮಿಯಾದರೆ ಮಿಷನ್ ಹಾಕೋಣ, ಈಗ ಅವಸರವಿಲ್ಲ ಎಂದರಂತೆ. ಮುಂದಿನ ವರ್ಷದ ಕಾಯಿ ಇಳಿಸಿ ನೋಡುತ್ತೇನೆ ಎಂದು ಇವಳು ಅವರಿಗೇ ವಾಯಿದೆ ಕೊಟ್ಟು ಬಂದಿದ್ದಾಳೆ.

ಕಂಪ್ಯೂಟರಿನ ವಿಷಯಕ್ಕೆ ಬಂದರೆ, ಒಂದು ಚೀಟಿ ಬರೆದು ಪರದೆಯ ಅಂಚಿಗೆ ಅಂಟಿಸಿದೆ. ಮಧ್ಯಾಹ್ನ: ಎಡ ಮೂವತ್ತೆಂಟು, ಬಲ ನೂರು. ಸಂಜೆ: ಎರಡೂ ನೂರು. ಬಳಸಿದವರು ಯಥಾಸ್ಥಿತಿಗೆ ತಂದಿಡತಕ್ಕದ್ದು. ಒಂದು ವಾರ ಇಬ್ಬರೂ ಪಾಲಿಸಿದೆವು. ಆಮೇಲೆ ಒಂದು ಸಂಜೆ, ಅಷ್ಟೆಲ್ಲ ಬಾಗಿಲು ತೆರೆದು ಒಳಗೆ ಹೋಗಲು ಸೋಮಾರಿತನವಾಗಿ, ಹಾಗೇ ಹರಿಕಥೆ ಹಚ್ಚಿದೆ. ದಾಸರು ಬಲಗಡೆ ನಿಂತು ಹಾಡಿದರು. ಮೃದಂಗ ಗೋಡೆಯಾಚೆಯಿಂದ ಬಂತು. ಕೇಳುತ್ತ ಕೇಳುತ್ತ, ಅವಳ ಬಲಗಡೆ ಕೂತು ನಾನು ಆಡಿದ ಮಾತೆಲ್ಲ ಹೀಗೆಯೇ ಪಕ್ಕದ ಮನೆಯಿಂದ ಬರುತ್ತಿತ್ತೇನೋ ಅನ್ನಿಸಿತು.

ಈಗ ಗೆರೆಯನ್ನು ಮುಟ್ಟುವುದಿಲ್ಲ. ಅದು ಅವಳ ಅಳತೆಯಲ್ಲೇ ಇದೆ. ಮೃದಂಗದವರು ಪಕ್ಕದ ಮನೆಯಲ್ಲಿ ಕೂತೇ ನುಡಿಸುತ್ತಾರೆ, ತಾಳ ತಪ್ಪುವುದಿಲ್ಲ. ಅವಳನ್ನು ಕರೆಯುವುದಿದ್ದರೆ ಮಾತ್ರ ನಾನು ಸುತ್ತು ಹಾಕಿಕೊಂಡು ಹೋಗಿ ಎಡಗಡೆ ನಿಲ್ಲುತ್ತೇನೆ.

"ಅಲ್ಲಿಂದಲೇ ಕೂಗಿದ್ರೆ ಆಗ್ತಿರಲಿಲ್ವಾ?" ಎನ್ನುತ್ತಾಳೆ.

"ಪೈಪು ನೋಡೋಕೆ ಹೊರಟಿದ್ದೆ, ದಾರೀಲಿ ನೀನು ಸಿಕ್ಕಿದೆ," ಎನ್ನುತ್ತೇನೆ.